ಬಾವಿನೀರಿನ ಅಕ್ವೇರಿಯಂನಲ್ಲಿ ಗಿಡಗಳು ಕರಗುವುದೇಕೆ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ನಮ್ಮ ಮನೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಅಕ್ವೇರಿಯಂ ಇಟ್ಟಿದ್ದೇವೆ. ತುಂಬಿಸುವುದು ಮನೆಯ ಬಾವಿಯ ನೀರು. ಪರೀಕ್ಷೆಯ ಪಟ್ಟಿ ಅದ್ದಿ ನೋಡಿದರೆ ಪಿಎಚ್ (ಇದು ಕಡಿಮೆಯಾದಷ್ಟೂ ನೀರು ಹುಳಿ) 5.8ರ ಆಸುಪಾಸಿನಲ್ಲಿದೆ. ಒಂದು ಡಜನ್ ಗಪ್ಪಿಗಳಿವೆ. ಎರಡು ತಿಂಗಳ ಹಿಂದೆ ಮಂಗಳೂರಿನಿಂದ ಅಮೆಜಾನ್ ಸ್ವೋರ್ಡ್, ವ್ಯಾಲಿಸ್ನೇರಿಯಾ, ಕಬೊಂಬಾ, ಅನುಬಿಯಾಸ್ ಗಿಡಗಳನ್ನು ತಂದು, ತೊಳೆದ ಹೊಯ್ಗೆಯಲ್ಲಿ ನೆಟ್ಟೆವು. ವ್ಯಾಲಿಸ್ನೇರಿಯಾ ಮೂರೇ ವಾರಗಳಲ್ಲಿ ಕರಗಿಹೋಯಿತು. ಸ್ವೋರ್ಡ್‌ನ ಹಳೆಯ ಎಲೆಗಳು ತೂತುಬಿದ್ದು ಕೊಳೆತವು. ಹೊಸ ಎಲೆಗಳು ಬಿಳಿಚಿಕೊಂಡು, ಮುರುಟಿಕೊಂಡು ಬರುತ್ತಿವೆ. ಗಾಜಿನ ಮೇಲೆ ಕಂದು ಪದರ ಕಟ್ಟಿತ್ತು, ಈಗ ಹಸಿರು ನೂಲಿನಂಥ ಪಾಚಿಯೂ ಬಂದಿದೆ. ದೀಪವನ್ನು ದಿನಕ್ಕೆ 12 ಗಂಟೆ ಉರಿಸುತ್ತೇವೆ. ಅಂಗಡಿಯವರು ದ್ರವಗೊಬ್ಬರ ಮತ್ತು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಹಾಕಿಸಬೇಕೆನ್ನುತ್ತಾರೆ. ನಮ್ಮ ಊರಿನ ನೀರೇ ಗಿಡಗಳಿಗೆ ಒಗ್ಗುವುದಿಲ್ಲವೇ?

ಉತ್ತರ: ನಿಮ್ಮ ಊರಿನ ನೀರು ಕೆಟ್ಟದ್ದಲ್ಲ. ಆದರೆ ಅದು ಬಹಳ ಮೆದುವಾದ ನೀರು, ಮತ್ತು ನೀವು ತಂದ ನಾಲ್ಕು ಗಿಡಗಳಲ್ಲಿ ಒಂದು, ವ್ಯಾಲಿಸ್ನೇರಿಯಾ, ಗಡಸು ನೀರನ್ನೇ ಬಯಸುವಂಥದ್ದು, ಇನ್ನೊಂದು, ಸ್ವೋರ್ಡ್, ಬರಿಯ ಹೊಯ್ಗೆಯಲ್ಲಿ ಎಂದೂ ಹೊಟ್ಟೆ ತುಂಬದಂಥದ್ದು. ಅದರ ಮೇಲೆ ದಿನಕ್ಕೆ 12 ಗಂಟೆಯ ಬೆಳಕು ಬಿದ್ದಿದೆ. ಈ ಮೂರನ್ನು ಸರಿಪಡಿಸುವವರೆಗೆ ಸಿಲಿಂಡರಿಗೆ ಹಣ ಹಾಕಬೇಡಿ. ಸರಿಪಡಿಸಿದ ಮೇಲೆ ಅದು ಬೇಕೆಂದೇ ನಿಮಗೆ ಅನ್ನಿಸಲಾರದು ಎಂಬುದು ನನ್ನ ಎಣಿಕೆ.

ಮೊದಲು ನೀರಿನ ವಿಷಯ. ಕಾಸರಗೋಡಿನ ಒಳನಾಡಿನ ಬಾವಿ, ನೀರಿಗಾಗಿ ಗುಡ್ಡದೊಳಕ್ಕೆ ಕೊರೆದ ಸುರಂಗಗಳ ನೀರು ಮುರಕಲ್ಲಿನ (ಲ್ಯಾಟರೈಟ್) ನೆಲದಿಂದ ಒಸರಿ ಬರುವಂಥದ್ದು. ಮುರಕಲ್ಲು ಆಗುವುದೇ ಲಕ್ಷಾಂತರ ವರ್ಷಗಳ ಮಳೆಯಲ್ಲಿ ಮೂಲಶಿಲೆಯ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳು ತೊಳೆದುಹೋಗಿ, ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಹಿಂದೆ ಉಳಿದಾಗ. ಅಂಥ ಕಲ್ಲಿನ ಎಡೆಯಿಂದ ಇಳಿದ ನೀರಿನಲ್ಲಿ ಲವಣಗಳು ಬಹಳ ಕಡಿಮೆ, ಪ್ರತಿಕ್ರಿಯೆ ಹುಳಿ. ನಮ್ಮ ಅಡಿಕೆ ತೋಟಗಳಿಗೆ ಸುಣ್ಣ ಹಾಕಬೇಕಾಗಿ ಬರುವುದಕ್ಕೂ ಕಾರಣ ಇದೇ. ಅಡುಗೆಗೆ, ಕುಡಿಯುವುದಕ್ಕೆ ಇಂಥ ನೀರು ಹಿತ. ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ. ನೀರಿನೊಳಗೆ ಬೆಳೆಯುವ ಗಿಡಕ್ಕಾದರೋ ಎಲೆ ಕಟ್ಟಲು ಬೇಕಾದ ಸಾಮಗ್ರಿಯೇ ಅದರಲ್ಲಿ ಸಾಲದು.

ನೀವು ಅಳೆದ 5.8 ಎಂಬ ಅಂಕಿಯನ್ನು ಹಾಗೆಯೇ ನಂಬುವ ಮೊದಲು ಒಂದು ಕೆಲಸ ಮಾಡಿ. ಆಗಷ್ಟೇ ಸೇದಿದ ಅಥವಾ ಪಂಪಿನಿಂದ ಬಂದ ಅಂತರ್ಜಲದಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾಗಿ ಕರಗಿರುವುದರಿಂದ ಪಿಎಚ್ ನಿಜಕ್ಕಿಂತ ಕಡಿಮೆ ತೋರುತ್ತದೆ. ಒಂದು ಬಾಲ್ದಿ ನೀರಿಗೆ ಏರ್‌ಪಂಪಿನ ಕಲ್ಲು ಇಳಿಬಿಟ್ಟು, ಒಂದು ರಾತ್ರಿ ಗಾಳಿಯಾಡಿಸಿ, ಮರುದಿನ ಅಳೆಯಿರಿ. ಪಿಎಚ್ ಸ್ವಲ್ಪ ಏರಿರುತ್ತದೆ. ಪಟ್ಟಿಯ ಬದಲು ಹನಿ ಹಾಕಿ ನೋಡುವ ಕಿಟ್ ಬಳಸುವುದು ಒಳ್ಳೆಯದು, ಮತ್ತು ಪಿಎಚ್‌ಗಿಂತ ಮುಖ್ಯವಾಗಿ ಎರಡು ಬಗೆಯ ಗಡಸುತನವನ್ನು ಅಳೆಯಬೇಕು: ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೋರಿಸುವ ಜಿಎಚ್, ಬೈಕಾರ್ಬನೇಟನ್ನು ತೋರಿಸುವ ಕೆಎಚ್. ನಿಮ್ಮ ಭಾಗದ ನೀರಿನಲ್ಲಿ ಇವೆರಡೂ ಒಂದು ಡಿಗ್ರಿಯ ಆಚೀಚೆ ಬಂದರೆ ಆಶ್ಚರ್ಯವಿಲ್ಲ.

ವ್ಯಾಲಿಸ್ನೇರಿಯಾ ಕರಗಿದ್ದು ಈ ಕೆಎಚ್‌ನ ಕೊರತೆಯಿಂದ. ನೀರೊಳಗಿನ ಗಿಡಗಳೆಲ್ಲವೂ ಇಂಗಾಲವನ್ನು ಒಂದೇ ರೀತಿಯಲ್ಲಿ ಪಡೆಯುವುದಿಲ್ಲ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಹಾರ್ನ್‌ವರ್ಟ್‌ಗಳಂಥವು ಕರಗಿದ ಕಾರ್ಬನ್ ಡೈಆಕ್ಸೈಡ್ ಸಾಲದೆಹೋದಾಗ ನೀರಿನ ಬೈಕಾರ್ಬನೇಟನ್ನು ಒಡೆದು ಅದರಿಂದ ಇಂಗಾಲ ತೆಗೆಯಬಲ್ಲವು. ಗಡಸು ನೀರಿನಲ್ಲಿ ಅವು ಹುಲುಸಾಗಿ ಬೆಳೆಯುವುದಕ್ಕೆ ಕಾರಣ ಇದು. ಬೈಕಾರ್ಬನೇಟೇ ಇಲ್ಲದ ಹುಳಿ ನೀರಿಗೆ ಬಿದ್ದಾಗ ಆ ಅನುಕೂಲ ಅವಕ್ಕೆ ತಪ್ಪಿಹೋಗುತ್ತದೆ. ಕ್ರಿಪ್ಟೊಕೊರೈನ್, ಜಾವಾ ಫರ್ನ್, ಜಾವಾ ಮಾಸ್, ರೊಟಾಲಾಗಳಿಗೆ ಬೈಕಾರ್ಬನೇಟಿನ ಹಂಗಿಲ್ಲ; ಇರುವ ಕಾರ್ಬನ್ ಡೈಆಕ್ಸೈಡ್‌ನಲ್ಲೇ ನಿಧಾನವಾಗಿ, ಆದರೆ ಗಟ್ಟಿಯಾಗಿ ಬೆಳೆಯುತ್ತವೆ. ಅಂಗಡಿಯಲ್ಲಿ ‘ಸುಲಭದ ಗಿಡ’ ಎಂದು ಎಲ್ಲರಿಗೂ ವ್ಯಾಲಿಸ್ನೇರಿಯಾ ಕೊಡುವುದುಂಟು. ಗಡಸು ಬೋರ್‌ವೆಲ್ ನೀರಿನ ಊರಿಗೆ ಅದು ಸುಲಭ, ಮುರಕಲ್ಲಿನ ಊರಿಗೆ ಅಲ್ಲ.

ಗಡಸುತನ ಏರಿಸುವ ಉಪಾಯ ನಿಮ್ಮ ಜಿಲ್ಲೆಯ ಕಡಲತಡಿಯಲ್ಲೇ ಇದೆ. ಸಾರು ಮಾಡಿ ಉಳಿದ ಮರುವಾಯಿಯ ಚಿಪ್ಪುಗಳನ್ನು ಚೆನ್ನಾಗಿ ತಿಕ್ಕಿ ತೊಳೆದು, ಅರ್ಧ ಗಂಟೆ ಕುದಿಸಿ, ಒಣಗಿಸಿ, ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿಕೊಳ್ಳಿ. ಸುಮಾರು 100 ಗ್ರಾಂನಷ್ಟನ್ನು ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿ, ನೀರು ಹರಿಯುವ ಜಾಗದಲ್ಲಿಡಿ. ಚಿಪ್ಪು ಎಂದರೆ ಹೆಚ್ಚುಕಡಿಮೆ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ಹುಳಿಯಾಗಿದ್ದಷ್ಟೂ ಬೇಗ ಕರಗುತ್ತದೆ, ಹುಳಿ ತಗ್ಗಿದಂತೆ ಕರಗುವುದೂ ತಾನಾಗಿಯೇ ನಿಧಾನವಾಗುತ್ತದೆ. ಹೀಗಾಗಿ ಅಳತೆ ತಪ್ಪುವ ಭಯ ಕಡಿಮೆ. ನಿಮ್ಮ ಟ್ಯಾಂಕಿನ ಒಟ್ಟು ಗಾತ್ರ ಸುಮಾರು 70 ಲೀಟರ್. ಹೊಯ್ಗೆ, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ 60 ಲೀಟರ್ ನೀರು ಹಿಡಿಯುತ್ತದೆ. ಅಷ್ಟು ನೀರಿನಲ್ಲಿ 1 ಗ್ರಾಂ ಚಿಪ್ಪು ಕರಗಿದರೆ ಗಡಸುತನ ಹತ್ತಿರ ಹತ್ತಿರ 1 ಡಿಗ್ರಿ ಏರುತ್ತದೆ. ವಾರಕ್ಕೊಮ್ಮೆ ಅಳೆಯುತ್ತ 4ರಿಂದ 6 ಡಿಗ್ರಿಗೆ ಬಂದಾಗ ಚೀಲದಿಂದ ಅರ್ಧದಷ್ಟನ್ನು ತೆಗೆಯಿರಿ. ಗಪ್ಪಿಗಳಿಗೂ ಇದರಿಂದ ಒಳ್ಳೆಯದೇ ಆಗುತ್ತದೆ, ಏಕೆಂದರೆ ಅವು ಸ್ವಭಾವತಃ ಗಡಸು ನೀರಿನ ಮೀನುಗಳು.

ಇಲ್ಲಿ ಎರಡು ಎಚ್ಚರಿಕೆಗಳನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಚಿಪ್ಪಿನ ಬದಲು ತೋಟಕ್ಕೆ ತಂದ ಸುಣ್ಣವನ್ನು ಚಿಟಿಕೆಯಷ್ಟಾದರೂ ಹಾಕಬಾರದು. ಸುಟ್ಟ ಸುಣ್ಣ ನೀರಿನ ಪಿಎಚ್‌ಅನ್ನು ಕ್ಷಣದಲ್ಲಿ ಮೇಲಕ್ಕೇರಿಸಿ ಮೀನುಗಳನ್ನು ಕೊಲ್ಲುತ್ತದೆ. ಎರಡನೆಯದಾಗಿ, ಪಿಎಚ್ 6ಕ್ಕಿಂತ ಕೆಳಗಿರುವ ಟ್ಯಾಂಕಿನಲ್ಲಿ ಅಮೋನಿಯವನ್ನು ನೈಟ್ರೇಟಾಗಿಸುವ ಬ್ಯಾಕ್ಟೀರಿಯಾಗಳು ಮಂದವಾಗಿರುತ್ತವೆ. ಮೀನಿನ ಹಿಕ್ಕೆ ಮತ್ತು ಉಳಿದ ಆಹಾರದಿಂದ ಬಂದದ್ದು ಅಲ್ಲಿ ಅಮೋನಿಯಂ ರೂಪದಲ್ಲಿ ಹೆಚ್ಚು ಅಪಾಯ ಮಾಡದೆ ಸೇರಿಕೊಂಡಿರುತ್ತದೆ. ಪಿಎಚ್ ಏರಿದ ಕೂಡಲೇ ಅದೇ ವಿಷಕಾರಿ ಅಮೋನಿಯವಾಗಿ ಬದಲಾಗುತ್ತದೆ. ಆದ್ದರಿಂದ ಚಿಪ್ಪು ಇಡುವ ಮುಂಚಿನ ವಾರದಲ್ಲಿ ಎರಡು ಮೂರು ಸಲ ಕಾಲು ಭಾಗದಷ್ಟು ನೀರು ಬದಲಾಯಿಸಿ, ಅಮೋನಿಯ ಪರೀಕ್ಷೆ ಮಾಡಿ, ಅದು ಕಾಣದಿದ್ದ ಮೇಲೆ ಮುಂದುವರಿಯಿರಿ.

ಇನ್ನು ಸ್ವೋರ್ಡ್ ಗಿಡದ ಎಲೆಗಳು. ಗಿಡದಲ್ಲಿ ಏನು ಕಡಿಮೆಯಾಗಿದೆಯೆಂದು ತಿಳಿಯಲು ನಾನು ಮೊದಲು ಕೇಳುವುದು, ರೋಗ ಕಾಣಿಸಿದ್ದು ಹಳೆಯ ಎಲೆಯಲ್ಲೋ ಹೊಸ ಎಲೆಯಲ್ಲೋ ಎಂದು. ಸಾರಜನಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಗಿಡವು ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಸಾಗಿಸಬಲ್ಲದು. ಹಾಗಾಗಿ ಅವುಗಳ ಕೊರತೆ ಕೆಳಗಿನ ಹಳೆಯ ಎಲೆಗಳಲ್ಲಿ ಕಾಣುತ್ತದೆ. ಕ್ಯಾಲ್ಸಿಯಂ ಮತ್ತು ಕಬ್ಬಿಣವನ್ನು ಹೀಗೆ ಸಾಗಿಸಲು ಬಾರದು; ಅವುಗಳ ಕೊರತೆ ಕಾಣುವುದು ಚಿಗುರಿನಲ್ಲಿ. ಹಳೆಯ ಎಲೆಯಲ್ಲಿ ಸೂಜಿಯಿಂದ ಚುಚ್ಚಿದಂಥ ತೂತುಗಳಾಗಿ, ಅಂಚು ಹಳದಿಯಾಗಿ ಅವು ದೊಡ್ಡದಾಗುತ್ತ ಹೋದರೆ ಪೊಟ್ಯಾಸಿಯಂ ಸಾಲದು. ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾದರೆ ಮೆಗ್ನೀಸಿಯಂ. ಚಿಗುರೆಲೆ ಸಣ್ಣದಾಗಿ, ತುದಿ ಕೊಕ್ಕೆಯಾಗಿ ಮುರುಟಿದರೆ ಕ್ಯಾಲ್ಸಿಯಂ. ಮುರುಟದೆ ಬರಿದೇ ಬಿಳಿಚಿದರೆ ಕಬ್ಬಿಣ. ನಿಮ್ಮ ವಿವರಣೆಯಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕಬ್ಬಿಣ ಮೂರೂ ಇವೆ, ಮತ್ತು ಮುರಕಲ್ಲಿನ ನೀರಿನ ಗುಣ ಬಲ್ಲವರಿಗೆ ಮೊದಲ ಎರಡು ಅನಿರೀಕ್ಷಿತವಲ್ಲ.

ಆದರೆ ತಂದ ಹೊಸತರಲ್ಲಿ ಕೊಳೆತ ಎಲ್ಲ ಎಲೆಗಳೂ ಕೊರತೆಯಿಂದಲೇ ಕೊಳೆತವು ಎನ್ನುವಂತಿಲ್ಲ. ಮಾರಾಟಕ್ಕೆ ಬರುವ ಸ್ವೋರ್ಡ್, ಕ್ರಿಪ್ಟೊಕೊರೈನ್, ಅನುಬಿಯಾಸ್‌ಗಳನ್ನು ನರ್ಸರಿಗಳಲ್ಲಿ ಬಹುಮಟ್ಟಿಗೆ ಬೇರು ಮಾತ್ರ ನೀರಿನಲ್ಲಿದ್ದು ಎಲೆ ಗಾಳಿಯಲ್ಲಿರುವಂತೆ ಬೆಳೆಸುತ್ತಾರೆ. ಗಾಳಿಯಲ್ಲಿ ಬೆಳೆದ ಎಲೆ ದಪ್ಪ, ಒರಟು. ನೀರೊಳಗೆ ಅದಕ್ಕೆ ಕೆಲಸವಿಲ್ಲ. ಗಿಡ ಅದನ್ನು ಬಿಟ್ಟುಕೊಟ್ಟು, ತೆಳುವಾದ, ಉದ್ದನೆಯ ನೀರಿನ ಎಲೆಗಳನ್ನು ಹೊಸದಾಗಿ ಹೊರಡಿಸುತ್ತದೆ. ಕ್ರಿಪ್ಟೊಕೊರೈನ್ ಗಿಡವಂತೂ ಜಾಗ ಬದಲಾದರೆ ಸಾಕು, ಕೆಲವೇ ದಿನಗಳಲ್ಲಿ ಎಲೆಗಳೆಲ್ಲ ಲೋಳೆಯಾಗಿ ಕರಗಿ, ಸತ್ತೇಹೋಯಿತೆಂಬ ಹಾಗೆ ಕಾಣುತ್ತದೆ. ಬುಡವನ್ನು ಬೆರಳಲ್ಲಿ ಒತ್ತಿ ನೋಡಿ, ಗಟ್ಟಿಯಾಗಿದ್ದರೆ ಕೀಳಬೇಡಿ. ಕೊಳೆತ ಎಲೆ ಮಾತ್ರ ಕತ್ತರಿಸಿ ತೆಗೆಯಿರಿ. ಎರಡರಿಂದ ನಾಲ್ಕು ವಾರಗಳಲ್ಲಿ ಅದೇ ಬುಡದಿಂದ ಚಿಗುರುತ್ತದೆ. ಬಹಳ ಜನ ಈ ಹಂತದಲ್ಲೇ ಗಿಡ ಎಸೆದುಬಿಡುತ್ತಾರೆ, ಅದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಕಬ್ಬಿಣದ ವಿಷಯದಲ್ಲಿ ನಿಮಗೊಂದು ಸಂದೇಹ ಬರುವುದು ಸಹಜ: ಬಾವಿಯ ನೀರಿನಲ್ಲೇ ಕಬ್ಬಿಣವಿರುವಾಗ ಗಿಡಕ್ಕೆ ಅದರ ಕೊರತೆ ಹೇಗೆ? ನೆಲದೊಳಗೆ ಗಾಳಿಯಿಲ್ಲದ ಕಡೆ ಕಬ್ಬಿಣ ಕರಗಿದ ರೂಪದಲ್ಲಿರುತ್ತದೆ. ಮೇಲೆ ಬಂದು ಆಮ್ಲಜನಕ ತಾಗಿದೊಡನೆ ತುಕ್ಕಾಗಿ ಪರಿವರ್ತನೆಗೊಂಡು ಕೆಳಗೆ ಕೂರುತ್ತದೆ, ಆ ತುಕ್ಕನ್ನು ಎಲೆ ಹೀರಿಕೊಳ್ಳಲಾರದು. ಟ್ಯಾಂಕಿನ ಏರ್‌ಪಂಪು, ಫಿಲ್ಟರ್‌ಗಳು ಈ ಕೆಲಸವನ್ನು ಇನ್ನಷ್ಟು ಬೇಗ ಮಾಡುತ್ತವೆ. ತಳದ ಮಣ್ಣಿನೊಳಗೆ ಮಾತ್ರ ಇದರ ತಿರುವುಮುರುವು ನಡೆಯುತ್ತದೆ: ಅಲ್ಲಿ ಆಮ್ಲಜನಕ ಕಡಿಮೆ, ಅಲ್ಲಿನ ಬ್ಯಾಕ್ಟೀರಿಯಾಗಳು ತುಕ್ಕನ್ನು ಮತ್ತೆ ಕರಗುವ ಕಬ್ಬಿಣವಾಗಿಸುತ್ತವೆ, ಬೇರು ಅದನ್ನು ಹೀರುತ್ತದೆ. ಲ್ಯಾಟರೈಟ್ ಮಣ್ಣನ್ನು ಅಕ್ವೇರಿಯಂ ತಳಕ್ಕೆಂದು ಪೊಟ್ಟಣ ಕಟ್ಟಿ ಮಾರಿದ ಕಾಲವೊಂದು ಯುರೋಪಿನಲ್ಲಿ ಇತ್ತು. ನಿಮ್ಮ ಮನೆಯ ಗುಡ್ಡದ ಬದಿಯಲ್ಲಿ ಅದು ಬೇಕಾದಷ್ಟಿದೆ.

ಬಳಸುವ ಕ್ರಮ ಹೀಗೆ. ಮೇಲ್ಮಣ್ಣು ಬೇಡ, ಅದರಲ್ಲಿ ಕಸ, ಬೇರು, ಗೊಬ್ಬರದ ಅಂಶಗಳಿರುತ್ತವೆ. ಎರಡಡಿ ಕೆಳಗಿನ ಜಿಗುಟಾದ ಕೆಂಪು ಜೇಡಿಯನ್ನು ತೆಗೆದು, ಜರಡಿ ಹಿಡಿದು, ಸ್ವಲ್ಪ ನೀರಿನಲ್ಲಿ ಕಲಸಿ, ಗೋಲಿಯ ಗಾತ್ರದ ಉಂಡೆ ಮಾಡಿ, ನೆರಳಲ್ಲಿ ಗಟ್ಟಿಯಾಗಿ ಒಣಗಿಸಿ. ಸ್ವೋರ್ಡ್‌ನ ಬುಡದಿಂದ ಮೂರು ನಾಲ್ಕು ಬೆರಳು ದೂರದಲ್ಲಿ ಸುತ್ತಲೂ ನಾಲ್ಕು ಉಂಡೆಗಳನ್ನು ತಳಮುಟ್ಟ ಒತ್ತಿ, ಮೇಲೆ ಹೊಯ್ಗೆ ಮುಚ್ಚಿ. ಹೊಯ್ಗೆ 5ರಿಂದ 7 ಸೆಂಟಿಮೀಟರ್ ದಪ್ಪ ಇರಬೇಕು, ಹೊಳೆಯದ್ದಾಗಿರಬೇಕು. ಕಡಲಿನದು ಉಪ್ಪಿನಿಂದಾಗಿ ಬೇಡ. ಉಂಡೆಗೆ ಹಟ್ಟಿಗೊಬ್ಬರ, ನೆಲಗಡಲೆ ಹಿಂಡಿ, ಯೂರಿಯ ಯಾವುದನ್ನೂ ಬೆರೆಸಬಾರದು. ಗಿಡ ಚೆನ್ನಾಗಿ ಬರಲೆಂಬ ಆಸೆಯಿಂದ ಒಂದು ಮುಷ್ಟಿ ಗೊಬ್ಬರ ಹಾಕಿದರೂ ಅಮೋನಿಯ ಏರಿ ಮೀನುಗಳು ಮೇಲ್ಗಡೆ ಬಾಯಿ ಬಿಡುತ್ತವೆ, ತಳದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟಿ ಬೇರು ಕಪ್ಪಾಗುತ್ತದೆ.

ಉಳಿದ ಪೋಷಕಗಳಿಗೆ ಅಕ್ವೇರಿಯಂ ಅಂಗಡಿಯ ಬಾಟಲಿಗಳೇ ಆಗಬೇಕೆಂದಿಲ್ಲ. ತೋಟಗಾರಿಕೆಯ ಗೊಬ್ಬರದ ಅಂಗಡಿಯಲ್ಲಿ ಸಿಗುವವು ಸಾಕು. ಮೆಗ್ನೀಸಿಯಂ ಸಲ್ಫೇಟ್ 3 ಗ್ರಾಂ ಹಾಕಿದರೆ 60 ಲೀಟರ್ ನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಂ ಮೆಗ್ನೀಸಿಯಂ ಸೇರಿದಂತಾಗುತ್ತದೆ; ಮೊದಲ ಸಲ ಇಷ್ಟು, ಆಮೇಲೆ ಬದಲಾಯಿಸಿದ ನೀರಿನ ಪಾಲಿನಷ್ಟು ಮಾತ್ರ. ಬಿಳಿಯ, ನೀರಿನಲ್ಲಿ ಪೂರ್ತಿ ಕರಗುವ ಪೊಟ್ಯಾಸಿಯಂ ಸಲ್ಫೇಟ್ ವಾರಕ್ಕೆ 1.3 ಗ್ರಾಂ ಕೊಟ್ಟರೆ ಲೀಟರಿಗೆ 10 ಮಿಲಿಗ್ರಾಂ ಪೊಟ್ಯಾಸಿಯಂ. ತೋಟಕ್ಕೆ ಹಾಕುವ ಕೆಂಪು ಪೊಟ್ಯಾಷ್ ಇದಕ್ಕೆ ಸಲ್ಲದು. ಶೇಕಡ 12 ಕಬ್ಬಿಣವಿರುವ ಇಡಿಟಿಎ ಚೀಲೇಟನ್ನು (ಕಬ್ಬಿಣವನ್ನು ಕರಗಿದ ರೂಪದಲ್ಲೇ ಹಿಡಿದಿಡುವ ಪುಡಿ) 5 ಗ್ರಾಂ ತೆಗೆದುಕೊಂಡು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ, ಕತ್ತಲೆಯಲ್ಲಿಟ್ಟು, ವಾರಕ್ಕೆರಡು ಸಲ 5 ಮಿಲಿಲೀಟರ್ ಹಾಕಿ. ಪ್ರತಿ ಸಲ ಲೀಟರಿಗೆ 0.1 ಮಿಲಿಗ್ರಾಂ ಕಬ್ಬಿಣ ಸಿಗುತ್ತದೆ. ಸಾರಜನಕ, ರಂಜಕಗಳು ಗಪ್ಪಿಗಳ ಆಹಾರದಿಂದಲೇ ಬರುತ್ತವೆ. ‘ಸೂಕ್ಷ್ಮ ಪೋಷಕಾಂಶಗಳ ಮಿಶ್ರಣ’ ಎಂಬ ಪೊಟ್ಟಣ ಬೇಡ, ಅದರಲ್ಲಿ ತಾಮ್ರವಿರುತ್ತದೆ.

ತಾಮ್ರದ ಮಾತು ಬಂದದ್ದರಿಂದ ನಿಮ್ಮ ಕಡೆಯವರಿಗೆ ಮುಖ್ಯವಾದ ಒಂದು ಸಂಗತಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಬೋರ್ಡೊ ದ್ರಾವಣ ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಆ ದಿನಗಳಲ್ಲಿ ತೋಟದ ನಡುವಿನ ತೊಟ್ಟಿ, ಕಣಿಗಳ ನೀರನ್ನಾಗಲಿ, ಅಲ್ಲಿ ಬೆಳೆದ ಜಲಸಸ್ಯವನ್ನಾಗಲಿ ಟ್ಯಾಂಕಿಗೆ ತರಬೇಡಿ. ಮದ್ದು ಕದಡಿದ ಬಾಲ್ದಿಯನ್ನು ತೊಳೆದರೂ ಉಪಯೋಗಿಸಬೇಡಿ. ಸಿಗಡಿ, ಬಸವನಹುಳುಗಳಿಗೆ ತಾಮ್ರ ಅತ್ಯಲ್ಪವಿದ್ದರೂ ಪ್ರಾಣಾಂತಕ, ಜಾವಾ ಮಾಸ್‌ನಂಥ ಗಿಡಗಳಿಗೂ ಹಾನಿಕರ. ಹಾಗೆಯೇ ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಕ್ಲೋರಿನ್ ವಾಸನೆ ಪೂರ್ತಿ ಹೋಗುವವರೆಗೆ ನೀರು ಬದಲಾಯಿಸದಿರುವುದು ಕ್ಷೇಮ.

ಬೆಳಕಿನ ಅವಧಿಯನ್ನು ಇವತ್ತೇ ದಿನಕ್ಕೆ 6 ಗಂಟೆಗೆ ಇಳಿಸಿ. ಕಿಟಕಿಯ ಬಿಸಿಲು ಟ್ಯಾಂಕಿಗೆ ಬೀಳುತ್ತಿದ್ದರೆ ಪರದೆ ಹಾಕಿ. ಬೆಳಕು ಹೆಚ್ಚಾದಂತೆ ಗಿಡದ ಹಸಿವು ಹೆಚ್ಚುತ್ತದೆ. ಕ್ಯಾಲ್ಸಿಯಂ ಇಲ್ಲ, ಪೊಟ್ಯಾಸಿಯಂ ಇಲ್ಲ, ಇಂಗಾಲ ಕಡಿಮೆ ಎಂದಾದರೆ ಗಿಡ ಬೆಳೆಯಲಾರದು, ಆಗ ಆ ಬೆಳಕನ್ನು ಬಳಸಿಕೊಳ್ಳುವುದು ಪಾಚಿ. ನಿಮ್ಮ ಅಳತೆಯ ಟ್ಯಾಂಕಿಗೆ ಬಿಳಿ ಬೆಳಕಿನ, 6500 ಕೆಲ್ವಿನ್‌ನ, ಎರಡಡಿ ಉದ್ದದ 10 ವ್ಯಾಟ್ ಎಲ್ಇಡಿ ಟ್ಯೂಬ್ ಸಾಕು. ನೂಲುಪಾಚಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸುತ್ತಿ ಎಳೆದು ತೆಗೆಯಿರಿ, ಪಾಚಿನಾಶಕ ಸುರಿಯಬೇಡಿ. ಅಂಥ ಮದ್ದುಗಳಲ್ಲಿ ಕೆಲವು ತಾಮ್ರದ ಲವಣಗಳೇ. ಹೊಸ ಎಲೆಗಳು ಸರಿಯಾಗಿ ಬರತೊಡಗಿದ ಮೇಲೆ ಬೆಳಕನ್ನು 7 ಗಂಟೆಗೆ, ಹೆಚ್ಚೆಂದರೆ 8 ಗಂಟೆಗೆ ಏರಿಸಬಹುದು.

ಕಂದು ಪದರ ಎರಡು ಬಗೆಯದ್ದಿರಬಹುದು. ಗಾಜಿನ ಮೇಲೆ ಬೆರಳು ಎಳೆದರೆ ನುಣ್ಣಗೆ ಜಾರಿ ಬಂದು, ಗಾಜು ಸ್ವಚ್ಛವಾಗುವುದಾದರೆ ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಹೊಸ ಟ್ಯಾಂಕುಗಳಲ್ಲಿ ಸಾಮಾನ್ಯ, ಕೆಲವು ವಾರಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಕಿತ್ತಳೆ ಛಾಯೆಯಿದ್ದು ಬೆಳಕು ತಾಗದ ಫಿಲ್ಟರ್ ಸ್ಪಂಜಿನೊಳಗೂ ಕಟ್ಟಿದ್ದರೆ ಅದು ಕಬ್ಬಿಣ. ಬಾವಿಯ ನೀರನ್ನು ಬಿಳಿ ಬಾಲ್ದಿಯಲ್ಲಿ ಒಂದು ದಿನ ಅಲುಗಿಸದೆ ಇಟ್ಟು ನೋಡಿ: ಮೇಲೆ ಎಣ್ಣೆಯಂತೆ ಬಣ್ಣಬಣ್ಣದ ತೆಳು ಪೊರೆ ಕಟ್ಟಬಹುದು. ಕಡ್ಡಿಯಿಂದ ಮುಟ್ಟಿದಾಗ ಅದು ಚೂರುಚೂರಾಗಿ ಒಡೆದು ಬೇರೆ ಬೇರೆಯಾಗಿಯೇ ಉಳಿದರೆ ಕಬ್ಬಿಣದ ಬ್ಯಾಕ್ಟೀರಿಯಾಗಳ ಪೊರೆ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಕಬ್ಬಿಣ ಹೆಚ್ಚಿರುವ ಬಾವಿಯಾದರೆ ನೀರನ್ನು ರಾತ್ರಿಯಿಡೀ ಗಾಳಿಯಾಡಿಸಿ, ತಳದಲ್ಲಿ ಕೂತದ್ದನ್ನು ಬಿಟ್ಟು ಮೇಲಿನದನ್ನಷ್ಟೇ ಹಾಕಿ. ಬೇಸಿಗೆಯ ಕೊನೆಗೆ ಬಾವಿ ತಗ್ಗಿದಾಗ ನೀರಿನ ಗುಣ ಬದಲಾಗುವುದರಿಂದ ಆಗೊಮ್ಮೆ, ಮಳೆ ಹಿಡಿದ ಮೇಲೊಮ್ಮೆ ಗಡಸುತನವನ್ನು ಹೊಸದಾಗಿ ಅಳೆಯುವುದು ಲೇಸು.

ಸಿಲಿಂಡರ್ ಬೇಡವೆಂದು ನಾನು ಹೇಳಿದ್ದು ಖರ್ಚಿನ ಕಾರಣದಿಂದಷ್ಟೇ ಅಲ್ಲ. ಕೆಎಚ್ ಇಲ್ಲದ ನೀರಿಗೆ ಕಾರ್ಬನ್ ಡೈಆಕ್ಸೈಡ್ ಹಾಯಿಸಿದರೆ, ಈಗಾಗಲೇ ಹುಳಿಯಾದ ನೀರಿನ ಪಿಎಚ್ ಇನ್ನೂ ಕುಸಿಯುತ್ತದೆ. ನಿಮ್ಮಲ್ಲಿ ಮಾರ್ಚಿಯಿಂದ ಮೇವರೆಗೆ ಟ್ಯಾಂಕಿನ ನೀರು ಸುಲಭವಾಗಿ 30 ಡಿಗ್ರಿ ಮುಟ್ಟುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯದ್ದು 7.5 ಮಿಲಿಗ್ರಾಂ ಮಾತ್ರ. ರಾತ್ರಿ ಗಿಡಗಳೂ ಆಮ್ಲಜನಕ ಬಳಸುತ್ತವೆ. ಆಗ ಕಾರ್ಬನ್ ಡೈಆಕ್ಸೈಡ್ ಮುಚ್ಚಲು ಮರೆತರೆ ಬೆಳಗ್ಗೆ ಮೀನುಗಳು ಉಳಿದಿರುವುದಿಲ್ಲ. ಅಂಥ ತಿಂಗಳುಗಳಲ್ಲಿ ಮುಚ್ಚಳ ತೆರೆದಿಟ್ಟು, ರಾತ್ರಿ ಏರ್‌ಪಂಪು ಓಡಿಸಿ.

ಅನುಬಿಯಾಸ್ ಬಗ್ಗೆ ನೀವು ದೂರು ಹೇಳಿಲ್ಲ, ಆದರೂ ಹೊಯ್ಗೆಯಲ್ಲಿ ನೆಟ್ಟಿದ್ದೇವೆ ಎಂದಿದ್ದೀರಿ. ಶುಂಠಿಯ ಹಾಗೆ ಅಡ್ಡ ಹರಿಯುವ ಅದರ ಕಾಂಡ ಹೊಯ್ಗೆಯೊಳಗೆ ಹೂತುಹೋದರೆ ಕೊಳೆಯುತ್ತದೆ. ಕಿತ್ತು, ತೊಳೆದ ಮುರಕಲ್ಲಿನ ತುಂಡಿಗೋ ಮರದ ಬೊಡ್ಡೆಗೋ ಹತ್ತಿಯ ನೂಲಿನಿಂದ ಕಟ್ಟಿ ಇಡಿ. ಜಾವಾ ಫರ್ನ್‌ಗೂ ಇದೇ ಕ್ರಮ.

ಕರಗಿದ ವ್ಯಾಲಿಸ್ನೇರಿಯಾದ ಜಾಗಕ್ಕೆ ಕ್ರಿಪ್ಟೊಕೊರೈನ್ ವೆಂಡ್ಟಿ ತನ್ನಿ. ಮೂಲತಃ ಶ್ರೀಲಂಕಾದ ತೊರೆಗಳ ಗಿಡವಾದ ಅದು ನಿಮ್ಮ ನೀರಿಗೆ, ಸೆಕೆಗೆ ಎರಡಕ್ಕೂ ಹೊಂದಿಕೊಳ್ಳುತ್ತದೆ. ನಮ್ಮ ಪಶ್ಚಿಮ ಘಟ್ಟದ ಹೊಳೆ ತೋಡುಗಳಲ್ಲೇ ಕ್ರಿಪ್ಟೊಕೊರೈನ್ ಸ್ಪೈರಾಲಿಸ್, ರೆಟ್ರೊಸ್ಪೈರಾಲಿಸ್, ಲ್ಯಾಜಿನ್ಯಾಂಡ್ರಾ ಮೊದಲಾದವು ಬೆಳೆಯುತ್ತವೆ, ಮತ್ತು ಲ್ಯಾಜಿನ್ಯಾಂಡ್ರಾ ಮೀಬೋಲ್ಡಿ ಎಂಬ ಗಿಡಕ್ಕೆ ಹೊರದೇಶದ ಹವ್ಯಾಸಿಗಳು ಒಳ್ಳೆಯ ಬೆಲೆ ಕೊಡುತ್ತಾರೆ. ಆದರೂ ತೋಡಿನಿಂದ ಕಿತ್ತು ತರಬೇಡಿ, ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೊಳ್ಳಿ. ಅವುಗಳಲ್ಲಿ ಎಷ್ಟೋ ಬಗೆಗಳು ಒಂದೆರಡು ತೊರೆಗಳಿಗೆ ಸೀಮಿತವಾದವು. ಮಳೆಗಾಲದಲ್ಲಿ ಮುರಕಲ್ಲಿನ ಪಾರೆಗಳ ಮೇಲೆ ನೀರು ನಿಂತಲ್ಲಿ ಕಾಣುವ ಎರಿಯೊಕಾಲನ್, ರೊಟಾಲಾಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಕಬೊಂಬಾವನ್ನು ಮಾತ್ರ ಟ್ಯಾಂಕಿನಿಂದ ಹೊರಗೆ ಹೋಗಲು ಬಿಡಬೇಡಿ. 2020ರಲ್ಲಿ ಕಲ್ಲಿಕೋಟೆ ಜಿಲ್ಲೆಯ ಆವಳಪಾಂಡಿಯ ತೋಡು ಗುಲಾಬಿ ಹೂವಿನಿಂದ ತುಂಬಿ, ನೋಡಲು ಜನ ಮುಗಿಬಿದ್ದಿದ್ದರು. ಅದು ದಕ್ಷಿಣ ಅಮೆರಿಕದ ಕಬೊಂಬಾ ಜಾತಿಯೇ, ಗೆಣ್ಣಿನ ತುಂಡೊಂದು ಸಿಕ್ಕರೂ ಹೊಸ ಗಿಡವಾಗಿ ತೋಡನ್ನೇ ಮುಚ್ಚಬಲ್ಲಂಥದ್ದು. ಸವರಿದ ತುಂಡುಗಳನ್ನು, ನೀರು ಬದಲಾಯಿಸುವಾಗ ಬಾಲ್ದಿಗೆ ಬಂದವುಗಳನ್ನೂ ಸೇರಿಸಿ, ಅಂಗಳದ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿದ ಮೇಲೆ ತೆಂಗಿನ ಬುಡಕ್ಕೆ ಹಾಕಿ. ಬದಲಾಯಿಸಿದ ನೀರನ್ನೂ ತೋಡಿಗೆ ಚೆಲ್ಲದೆ ತರಕಾರಿ ಸಾಲಿಗೆ ಹೊಯ್ಯಿರಿ.